ಉಪ್ಪಾಗೆಯ ಹುಳಿಯೂ ಅಕ್ಕಸಾಲಿಯ ದ್ರಾವಕವೂ

ಆಷಾಢದ ಮಳೆ ಹಗಲಿರುಳೆನ್ನದೆ ಸುರಿಯುವ ದಿನಗಳಲ್ಲಿ, ಹೊನ್ನಾವರದಿಂದ ಗೇರುಸೊಪ್ಪೆಯ ಕಡೆಗೆ ಶರಾವತಿಯ ದಂಡೆಗುಂಟ ಹೋಗುವ ಹಾದಿಯ ಮನೆಗಳಲ್ಲಿ, ಒಲೆಯ ಮೇಲಿನ ಅಟ್ಟದಿಂದ ಹೊಗೆಯೂ ಹಣ್ಣೂ ಕಲೆತ ಒಂದು ವಾಸನೆ ಇಳಿದುಬಂದು ಬಟ್ಟೆಬರೆ, ಹಾಸಿಗೆ, ಪುಸ್ತಕಗಳಿಗೆಲ್ಲ ಅಂಟಿಕೊಳ್ಳುತ್ತಿದ್ದುದನ್ನು ನಾನು ಬಾಲ್ಯದಿಂದಲೂ ಬಲ್ಲೆ. ಅದು ಉಪ್ಪಾಗೆಯ ವಾಸನೆ. ಘಟ್ಟದ ಬುಡದ ಕಾಡಿನಲ್ಲಿ ಮಳೆಯೊಡನೆಯೇ ಹಣ್ಣಾಗಿ ಉದುರುವ, ಕುಂಬಳಕಾಯಿಯಂತೆ ಮೈಯೆಲ್ಲ ಏಣುಗಳಿರುವ ಹಳದಿಯ ಆ ಕಿರುಹಣ್ಣನ್ನು ಆಯ್ದು ತಂದು, ಸೀಳಿ, ಬೀಜವನ್ನು ತುಪ್ಪ ತೆಗೆಯಲೆಂದು ಬೇರೆಯಿರಿಸಿ, ಬಿಸಿಲಿನ ಮುಖವೇ ಕಾಣದ ಕಾಲವಾದುದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆಯೇ ಒಣಗಿಸಬೇಕು. ವಾರ ಕಳೆಯುವಷ್ಟರಲ್ಲಿ ಅದು ಕಾಡಿಗೆಯ ಬಣ್ಣಕ್ಕೆ ತಿರುಗಿ, ಹಳೆಯ ಚರ್ಮದಂತೆ ಮಿದುವಾಗಿ, ಭರಣಿಯನ್ನು ಸೇರುತ್ತದೆ. ಅನಂತರ ವರ್ಷಗಟ್ಟಲೆ ಇಟ್ಟರೂ ಅದರ ಹುಳಿ ಕುಂದುವುದಿಲ್ಲ. ಅಡಿಗೆಗೆ ಬೇಕಾದಾಗ ಅಜ್ಜಿ ಅದರಿಂದ ಎರಡೇ ಎರಡು ಎಸಳು ತೆಗೆದು, ಬೆರಳ ತುದಿಯಿಂದ ತೂಗಿ ನೋಡಿದಂತೆ ಮಾಡಿ, ಒಂದನ್ನು ಮರಳಿ ಒಳಗೆ ಹಾಕುತ್ತಿದ್ದಳು.

ಭಟ್ಕಳ, ಹೊನ್ನಾವರ, ಕುಮಟೆ ಎಂಬ ಈ ಮೂರು ಬಂದರುಗಳ ಚರಿತ್ರೆಯನ್ನು ಬರೆದವರು ಮೆಣಸನ್ನು ಮರೆತಿಲ್ಲ. ಕುದುರೆಗಳನ್ನೂ ಅಕ್ಕಿಯನ್ನೂ ಸಕ್ಕರೆಯನ್ನೂ ಕಬ್ಬಿಣವನ್ನೂ ಹತ್ತಿಯನ್ನೂ ಮರೆತಿಲ್ಲ. 14ನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿಳಿದ ಇಬ್ನ್ ಬತೂತ, 16ನೆಯ ಶತಮಾನದ ಆರಂಭದಲ್ಲಿ ಭಟ್ಕಳದ ವ್ಯಾಪಾರವನ್ನು ವರ್ಣಿಸಿದ ಪೋರ್ತುಗೀಜ ಬಾರ್ಬೋಸ, ಗೇರುಸೊಪ್ಪೆಯಿಂದ 1552ರಿಂದ 1606ರವರೆಗೆ ಆಳಿ ಪೋರ್ತುಗೀಜರಿಂದ ‘ಮೆಣಸಿನ ರಾಣಿ’ ಎನಿಸಿಕೊಂಡ ಚೆನ್ನಭೈರಾದೇವಿ, ಘಟ್ಟದ ಮೇಲಿನ ಹತ್ತಿಯನ್ನು ಮುಂಬಯಿಗೆ ಸಾಗಿಸಿ ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ ಏಳಿಗೆಯ ಶಿಖರವನ್ನು ಮುಟ್ಟಿ, ಮಾರ್ಮಗೋವಾಕ್ಕೆ ರೈಲು ಹರಿದ ಮೇಲೆ ಕುಗ್ಗಿದ ಕುಮಟೆ, ಇವೆಲ್ಲವೂ ಗ್ರಂಥಸ್ಥವಾಗಿವೆ. ಆದರೆ ಈ ನೆಲದ ಹುಳಿಗೆ ಯಾರೂ ಚರಿತ್ರೆ ಬರೆಯಲಿಲ್ಲ. ಮೆಣಸು ಹಡಗನ್ನೇರಿ ಹೋಯಿತು. ಹುಳಿಯ ಬಹುಪಾಲು ಒಲೆಯ ಬಳಿಯಲ್ಲಿಯೇ ಉಳಿಯಿತು. ಒಲೆಯ ಬಳಿ ನಡೆದುದಕ್ಕೆ ಸಾಕ್ಷಿ ಹೇಳುವ ಕಾಗದಪತ್ರಗಳಿರುವುದಿಲ್ಲವಷ್ಟೆ.

ಹಾಗೆಂದು ಪರದೇಶೀಯರ ಕಣ್ಣಿಗೆ ಅದು ಬೀಳಲೇ ಇಲ್ಲವೆಂದಲ್ಲ. ಗೋವೆಯಲ್ಲಿದ್ದ ವೈದ್ಯ ಗಾರ್ಸಿಯಾ ದ ಓರ್ತ 1563ರಲ್ಲಿ ಅಚ್ಚು ಹಾಕಿಸಿದ ತನ್ನ ಸಂವಾದಗ್ರಂಥದಲ್ಲಿ ಒಳಗೆಲ್ಲ ರಕ್ತವರ್ಣವಾಗಿ ಬಹು ಹುಳಿಯಾಗಿರುವ ಒಂದು ಹಣ್ಣನ್ನು ಹೆಸರಿಸಿದ್ದಾನೆ. ಉಪ್ಪಾಗೆಯ ಹತ್ತಿರದ ಬಂಧುವಾದ ನಮ್ಮ ಮುರುಗಲನ್ನು ಅದರಲ್ಲಿ ಗುರುತಿಸುವುದು ಕಷ್ಟವಲ್ಲ. ಕೊಚ್ಚಿಯ ಡಚ್ ಅಧಿಪತಿ ವಾನ್ ರೀಡೆ 1678ರಿಂದ ಹನ್ನೆರಡು ಸಂಪುಟಗಳಲ್ಲಿ ಹೊರತಂದ ‘ಹೋರ್ತುಸ್ ಮಲಬಾರಿಕುಸ್’ನ ಮೊದಲನೆಯ ಸಂಪುಟದಲ್ಲಿಯೇ ಉಪ್ಪಾಗೆಯು ‘ಕೊಡಂಪುಳಿ’ಯೆಂಬ ಮಲೆಯಾಳದ ಹೆಸರಿನಿಂದ ಚಿತ್ರಸಮೇತವಾಗಿ ಬಂದಿದೆ. ಆ ಮಹಾಗ್ರಂಥಕ್ಕೆ ನೆರವಾದವರಲ್ಲಿ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರಿದ್ದು, ಅವರು ಬರೆದುಕೊಟ್ಟ ಕೊಂಕಣಿಯ ಪ್ರಮಾಣಪತ್ರ ಆ ಸಂಪುಟದಲ್ಲಿಯೇ ಮುದ್ರಿತವಾಗಿದೆ. ಭಟ್ಕಳ ಕುಮಟೆಗಳ ಕೊಂಕಣಿ ಮನೆಗಳಲ್ಲಿ ಇಂದಿಗೂ ನಡೆಯುವ ಹುಳಿಯ ಮದ್ದುಗಳನ್ನು ನೋಡುವಾಗಲೆಲ್ಲ ನನಗೆ ಆ ಮೂವರ ನೆನಪಾಗುತ್ತದೆ.

ನಮ್ಮ ಪೂರ್ವಿಕರು ಹುಳಿಯನ್ನು ಒಂದೇ ಜಾತಿಯೆಂದು ಭಾವಿಸಿದವರಲ್ಲ. ರಸಶಾಸ್ತ್ರದ ಗ್ರಂಥಗಳು ನಿಂಬೆ, ಮಾದಲ, ಹುಣಿಸೆ, ಅಮ್ಲವೇತಸ ಮೊದಲಾದ ಸಸ್ಯಜನ್ಯ ಹುಳಿಗಳನ್ನು ‘ಅಮ್ಲವರ್ಗ’ವೆಂಬ ಒಂದು ಗುಂಪಿನಲ್ಲಿ ಇರಿಸಿದುವು. ಬಹುಕಾಲದ ಮೇಲೆ, ಸುಮಾರು 16ನೆಯ ಶತಮಾನದಿಂದೀಚೆಗೆ, ಸುವರ್ಚಿ, ಪಟಿಕ, ಅನ್ನಭೇದಿ, ನವಸಾಗರ ಮುಂತಾದ ಲವಣಗಳನ್ನು ಭಟ್ಟಿಗಿಳಿಸಿ ಪಡೆದ ಉಗ್ರದ್ರವವೊಂದು ಗ್ರಂಥಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅದನ್ನು ಅಮ್ಲವೆಂದು ಕರೆಯದೆ ‘ಶಂಖದ್ರಾವಕ’ವೆಂದು ಕರೆದರು. ಹಿಂದೂ ರಸಾಯನದ ಚರಿತ್ರೆಯನ್ನು 1902 ಮತ್ತು 1909ರಲ್ಲಿ ಎರಡು ಸಂಪುಟಗಳಾಗಿ ಬರೆದ ಆಚಾರ್ಯ ಪ್ರಫುಲ್ಲಚಂದ್ರ ರಾಯರು ಇದನ್ನು ಖನಿಜಾಮ್ಲಗಳ ಮಿಶ್ರಣವೆಂದು ತಿಳಿಯಪಡಿಸಿದ್ದಾರೆ. ಶಂಖವನ್ನು ಕರಗಿಸುವುದು ಯಾವುದೋ ಅದು ಶಂಖದ್ರಾವಕ: ಇಲ್ಲಿ ಪರೀಕ್ಷೆಯೇ ಹೆಸರಾಗಿ ನಿಂತಿದೆ. ನಾಲಗೆಗೆ ಸಲ್ಲುವ ಹುಳಿಗೆ ಅಮ್ಲವೆಂದೂ, ನಾಲಗೆಗೆ ಸಲ್ಲದೆ ವಸ್ತುವನ್ನೇ ನುಂಗುವ ಹುಳಿಗೆ ದ್ರಾವಕವೆಂದೂ ಎರಡು ಮಾತುಗಳನ್ನು ಆಯ್ದುಕೊಂಡ ಆ ಹಿರಿಯರ ವಿವೇಕ ಸಾಮಾನ್ಯವಾದುದೆಂದು ನಾನು ತಿಳಿಯಲಾರೆ.

ನಮ್ಮೂರುಗಳಲ್ಲಿ ದ್ರಾವಕವೆಂಬ ವಸ್ತುವನ್ನು ಜನ ಪ್ರತ್ಯಕ್ಷವಾಗಿ ಕಂಡದ್ದು ಅಕ್ಕಸಾಲಿಗಳ ಅಂಗಡಿಯಲ್ಲಿ. ಒರೆಗಲ್ಲಿನ ಮೇಲೆ ಚಿನ್ನವನ್ನು ತಿಕ್ಕಿ, ಮೂಡಿದ ಗೆರೆಗೆ ಗಾಜಿನ ಕಡ್ಡಿಯಿಂದ ನೈಟ್ರಿಕಾಮ್ಲದ ಒಂದು ಹನಿಯನ್ನು ಮುಟ್ಟಿಸಿದರೆ, ತಾಮ್ರವೂ ಬೆಳ್ಳಿಯೂ ಹೆಚ್ಚಾಗಿದ್ದ ಗೆರೆ ನೋಡುನೋಡುತ್ತಿರುವಂತೆ ಅಳಿಸಿಹೋಗುತ್ತಿತ್ತು. ಅಪರಂಜಿಯ ಗೆರೆ ಮಾತ್ರ ಹಾಗೆಯೇ ಉಳಿಯುತ್ತಿತ್ತು. ಈ ದ್ರಾವಕ ದೂರದ ಕಾರ್ಖಾನೆಗಳಿಂದ ಗಾಜಿನ ಸೀಸೆಯಲ್ಲಿ ಬಂದ ವಸ್ತು. ಅದೇ ಅಂಗಡಿಯ ಮೂಲೆಯಲ್ಲಿ, ಒಡವೆಯ ಕೊಳೆ ತೆಗೆಯುವುದಕ್ಕೆಂದು ಹುಣಿಸೆಯ ನೀರೂ ಅಂಟುವಾಳದ ನೊರೆಯೂ ಒಂದೊಂದು ಬೋಗುಣಿಯಲ್ಲಿ ಇರುತ್ತಿದ್ದುವು. ಅಮ್ಲವರ್ಗ ಮತ್ತು ದ್ರಾವಕ ಎರಡೂ ಒಂದೇ ಮಣೆಯ ಎಡಬಲಗಳಲ್ಲಿ ಕುಳಿತಿದ್ದುವೆಂದರೆ ತಪ್ಪಾಗದು.

ಇವೆರಡರ ಭೇದವನ್ನು ನಾನು ಸ್ವತಃ ಕಂಡುಕೊಂಡದ್ದು ಒಂದು ಬಳಚಿನ ಚಿಪ್ಪಿನಿಂದ. ಅಘನಾಶಿನಿಯ ಅಳಿವೆಯಲ್ಲಿ ನೀರು ಇಳಿದಾಗ ಹೆಂಗಸರು ಮಂಡಿಯುದ್ದದ ಕೆಸರಿನಲ್ಲಿ ನಿಂತು ಆಯುವ ಈ ಬಳಚಿನ ಮಾಂಸ ಅಡಿಗೆಗೂ ಚಿಪ್ಪು ಸುಣ್ಣದ ಗೂಡಿಗೂ ಹೋಗುತ್ತದೆಂಬುದನ್ನು ಕುಮಟೆಯ ಕಡೆಯವರಿಗೆ ಹೇಳಬೇಕಾಗಿಲ್ಲ. ಶಾಲೆಯ ಪ್ರಯೋಗಶಾಲೆಯಲ್ಲಿ ಲವಣದ್ರಾವಕ, ಎಂದರೆ ಹೈಡ್ರೋಕ್ಲೋರಿಕ್ ಆಮ್ಲ, ತುಂಬಿದ ಬಟ್ಟಲಿಗೆ ಒಂದು ಚಿಪ್ಪನ್ನು ಹಾಕಿದೆವು. ಅದು ಬಿಸಿ ಎಣ್ಣೆಗೆ ಬಿದ್ದ ಹಪ್ಪಳದಂತೆ ಬುರಬುರನೆ ನೊರೆಯೆದ್ದು, ಗಂಟೆ ಬಾರಿಸುವುದರೊಳಗಾಗಿ ಇಲ್ಲವಾಯಿತು. ಅದೇ ಸಂಜೆ ಮನೆಯಲ್ಲಿ ಮುರುಗಲ ಗಟ್ಟಿ ರಸಕ್ಕೆ ಇನ್ನೊಂದನ್ನು ಹಾಕಿಟ್ಟೆ. ಮೊದಮೊದಲು ಏನೂ ಇಲ್ಲ. ಆಮೇಲೆ ಚಿಪ್ಪಿನ ಅಂಚಿನಿಂದ ಸಾಸಿವೆಗಿಂತಲೂ ಚಿಕ್ಕದೊಂದು ಗುಳ್ಳೆ, ಅದು ಮೇಲೇರಿದ ಮೇಲೆ ಇನ್ನೊಂದು. ಮರುದಿನ ಮುಂಜಾನೆ ನೋಡಿದರೆ ಚಿಪ್ಪಿನ ಹೊಳಪು ಹೋಗಿ, ಮೈಮೇಲೆ ಸುಣ್ಣದಂಥ ಬಿಳಿಯ ಪೊರೆ ಕಟ್ಟಿತ್ತು. ಕೆಲಸ ಇನ್ನೂ ನಡೆದೇ ಇತ್ತು.

ಈ ಆತುರ ಮತ್ತು ಈ ನಿಧಾನಗಳ ಕಾರಣವನ್ನು ತಿಳಿಯುವುದಕ್ಕೆ ಯುರೋಪಿನ ಪಂಡಿತರಿಗೂ ನೂರು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಹುಳಿಯನ್ನು ಹುಟ್ಟಿಸುವುದು ವಾಯುವಿನ ಒಂದು ಅಂಶವೆಂದು ಭಾವಿಸಿ ಫ್ರಾನ್ಸಿನ ಲವಾಸಿಯೆ ಅದಕ್ಕೆ ಇಟ್ಟ ಹೆಸರನ್ನೇ ನಾವು ‘ಆಮ್ಲಜನಕ’ವೆಂದು ಕನ್ನಡಿಸಿಕೊಂಡಿದ್ದೇವೆ. 1810ರಲ್ಲಿ ಹಂಫ್ರಿ ಡೇವಿ ಲವಣದ್ರಾವಕದಲ್ಲಿ ಆ ಅಂಶವೇ ಇಲ್ಲವೆಂದು ಸಿದ್ಧಪಡಿಸಿದನು. ಹುಳಿಗೆ ನಿಜವಾದ ಜನಕನು ಜಲಜನಕವೆಂಬುದು ಕ್ರಮೇಣ ಗೊತ್ತಾಯಿತು. ಹೀಗೆ ಅಲ್ಲಿಯ ತಪ್ಪೊಂದು ಇಲ್ಲಿಯ ಭಾಷೆಯಲ್ಲಿ ಚಿರಸ್ಥಾಯಿಯಾಗಿ ನಿಂತುಬಿಟ್ಟಿದೆ. ಅನಂತರ ಸ್ವೀಡನಿನ ಅರೀನಿಯಸ್ 1884ರ ತನ್ನ ಪ್ರಬಂಧದಲ್ಲಿ, ನೀರಿನಲ್ಲಿ ಕರಗಿದ ಪದಾರ್ಥಗಳು ವಿದ್ಯುದಂಶವುಳ್ಳ ಕಣಗಳಾಗಿ ಒಡೆಯುತ್ತವೆಂದು ಪ್ರತಿಪಾದಿಸಿದನು. ಅವನ ಪರೀಕ್ಷಕರು ಅದನ್ನು ಮೆಚ್ಚದೆ ಕೆಳದರ್ಜೆಯನ್ನು ಕೊಟ್ಟರು. ಅದೇ ವಿಚಾರಕ್ಕಾಗಿ 1903ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಸೋರೆನ್‌ಸನ್ 1909ರಲ್ಲಿ, ನೀರಿನಲ್ಲಿ ಬಿಡಿಯಾಗಿರುವ ಜಲಜನಕದ ಅಯಾನುಗಳನ್ನು ಅಳೆಯುವ ಒಂದು ಮಾನವನ್ನು ಏರ್ಪಡಿಸಿದನು. ಅದೇ ಪಿಎಚ್. ಶುದ್ಧವಾದ ನೀರಿಗೆ 7. ಹುಳಿ ಏರಿದಂತೆ ಅಂಕೆ ಇಳಿಯುತ್ತದೆ. ಒಂದು ಅಂಕೆ ಇಳಿದರೆ ಬಿಡಿ ಅಯಾನುಗಳು ಹತ್ತುಪಾಲು ಹೆಚ್ಚಿದುವೆಂದು ತಿಳಿಯಬೇಕು.

ಈ ಮಾನದಿಂದ ಅಳೆದಾಗ ಬಲಿಷ್ಠವಾದ ಆಮ್ಲಕ್ಕೂ ದುರ್ಬಲವಾದ ಆಮ್ಲಕ್ಕೂ ಇರುವ ಅಂತರ ಸ್ಪಷ್ಟವಾಗುತ್ತದೆ. ಲವಣದ್ರಾವಕದ 3.65 ಗ್ರಾಮನ್ನು ನೀರಿನಲ್ಲಿ ಕರಗಿಸಿ ಒಂದು ಲೀಟರು ಮಾಡಿದರೆ ಅದರ ಅಣುಗಳೆಲ್ಲವೂ ಒಡೆದು ಪಿಎಚ್ 1ಕ್ಕೆ ಇಳಿಯುತ್ತದೆ. ಅಷ್ಟೇ ಸಂಖ್ಯೆಯ ಅಣುಗಳಿರುವಂತೆ ಸಿರ್ಕಾದ ಆಮ್ಲವನ್ನು, ಎಂದರೆ 6 ಗ್ರಾಮನ್ನು, ಅದೇ ರೀತಿ ಕರಗಿಸಿದರೆ ಪಿಎಚ್ 2.9ರ ಬಳಿಯೇ ನಿಂತುಬಿಡುತ್ತದೆ. ಸಾವಿರ ಅಣುಗಳಲ್ಲಿ ಹದಿಮೂರರಷ್ಟು ಮಾತ್ರ ಒಡೆದಿದ್ದು, ಮಿಕ್ಕವೆಲ್ಲ ಇಡಿಯಾಗಿಯೇ ಇರುತ್ತವೆ. ಆದರೆ ಇವೆರಡನ್ನೂ ಪೂರ್ತಿಯಾಗಿ ಶಮನಗೊಳಿಸಲು ಬೇಕಾಗುವ ಕ್ಷಾರ ಒಂದೇ ಅಳತೆಯದು, ನಾಲ್ಕು ಗ್ರಾಮು ಕಾಸ್ಟಿಕ್ ಸೋಡ. ಏಕೆಂದರೆ ದುರ್ಬಲಾಮ್ಲದ ಬಿಡಿ ಅಯಾನುಗಳು ವೆಚ್ಚವಾದ ಹಾಗೆಲ್ಲ, ಇಡಿಯಾಗಿದ್ದ ಅಣುಗಳು ಒಂದೊಂದಾಗಿ ಒಡೆದು ಆ ಸ್ಥಾನವನ್ನು ತುಂಬುತ್ತ ಹೋಗುತ್ತವೆ. ಬಲಿಷ್ಠಾಮ್ಲ ಕೈಯಲ್ಲಿದ್ದುದನ್ನೆಲ್ಲ ಒಮ್ಮೆಗೇ ಸುರಿಯುವುದು. ದುರ್ಬಲಾಮ್ಲ ಕಣಜದಲ್ಲಿಟ್ಟುಕೊಂಡು ದಿನದಿನಕ್ಕೆ ಅಳೆದು ಕೊಡುವುದು. ದುರ್ಬಲವೆಂಬ ಮಾತಿನಲ್ಲಿ ಕಡಿಮೆಯೆಂಬ ಅರ್ಥ ಸೇರಿಕೊಂಡಿರುವುದೇ ಎಲ್ಲ ಭ್ರಮೆಗೆ ಮೂಲ. ನನ್ನ ಕೈಯಲ್ಲಿದ್ದರೆ ಅದನ್ನು ಮಿತವ್ಯಯಿಯಾದ ಆಮ್ಲವೆಂದು ಕರೆಯುತ್ತಿದ್ದೆ.

ನಮ್ಮ ಕಡೆಯ ಅಡಿಗೆಯ ಮರ್ಮವೂ ಇಲ್ಲಿಯೇ ಇದೆ. ಅಪ್ಪೆಹುಳಿಯನ್ನು ಉಂಡವರಿಗೆ ಅದು ಎಷ್ಟು ತೆಳುವಾದುದೆಂಬುದು ಗೊತ್ತು. ಬೇಯಿಸಿ ಕಿವುಚಿದ ಒಂದೇ ಮಾವಿನಕಾಯಿಗೆ ತಂಬಿಗೆಗಟ್ಟಲೆ ನೀರು ಹೊಯ್ದು, ಉಪ್ಪು ಬೆರೆಸಿ, ಇಂಗು ಮೆಣಸಿನ ಒಗ್ಗರಣೆ ಕೊಟ್ಟು, ಅತಿಥಿಗಳು ಹೆಚ್ಚಾದರೆ ಇನ್ನೂ ಒಂದು ತಂಬಿಗೆ ಹೊಯ್ದರೂ, ಹುಳಿ ಹುಳಿಯಾಗಿಯೇ ಉಳಿಯುತ್ತದೆ. ಹತ್ತುಪಾಲು ನೀರು ಬೆರೆಸಿದಾಗ ಬಲಿಷ್ಠಾಮ್ಲದ ಪಿಎಚ್ ಒಂದು ಪೂರ್ಣಾಂಕದಷ್ಟು ಏರುವುದಾದರೆ, ನಾನು ಮೇಲೆ ಹೇಳಿದ ಸಿರ್ಕಾದ ಹುಳಿ 2.9ರಿಂದ 3.4ಕ್ಕೆ, ಎಂದರೆ ಅರ್ಧದಷ್ಟೇ, ಏರುತ್ತದೆ. ನೀರು ಹೆಚ್ಚಿದಂತೆ ಇಡಿ ಅಣುಗಳು ಒಡೆಯುವ ಪ್ರಮಾಣವೂ ಹೆಚ್ಚುವುದೇ ಇದಕ್ಕೆ ಕಾರಣ. ನಾಲಗೆಯಾದರೋ ಪಿಎಚ್ಚನ್ನು ಮಾತ್ರ ನೋಡಿ ತೀರ್ಪು ಕೊಡುವುದಿಲ್ಲ. ಒಂದೇ ಪಿಎಚ್ಚಿನ ಲವಣದ್ರಾವಕಕ್ಕಿಂತ ಸಿರ್ಕಾ ನಾಲಗೆಗೆ ಹೆಚ್ಚು ಹುಳಿಯೆನಿಸುತ್ತದೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಕಣಜದಲ್ಲಿರುವುದನ್ನೂ ನಾಲಗೆ ಲೆಕ್ಕಕ್ಕೆ ಹಿಡಿಯುತ್ತದೆಂದೇ ಇದರರ್ಥ. ಅಜ್ಜಿ ಎರಡು ಎಸಳುಗಳಲ್ಲಿ ಒಂದನ್ನು ಭರಣಿಗೆ ಹಿಂತಿರುಗಿಸುತ್ತಿದ್ದುದು ಈ ಲೆಕ್ಕದಿಂದಲೇ.

ಒಲೆಯಿಂದ ಹೊರಬಿದ್ದು ಕಡಲು ದಾಟಿದ ಒಂದು ಪ್ರಸಂಗ ಉಪ್ಪಾಗೆಗೂ ಇದೆ. ಭಟ್ಕಳದ ತೆಂಕಣ ಗಡಿಗೆ ಅಂದು ತಾಗಿದ್ದ ದಕ್ಷಿಣ ಕನ್ನಡದಲ್ಲಿಯೂ ಮಲಬಾರಿನಲ್ಲಿಯೂ ಬಂಗಡೆ ಮೀನಿನ ಹೊಟ್ಟೆ ಸೀಳಿ ಶುದ್ಧಮಾಡಿ, ಮೂರು ಪಾಲು ಮೀನಿಗೆ ಒಂದು ಪಾಲು ಉಪ್ಪು ಬೆರೆಸಿ, ಹೊಟ್ಟೆಯೊಳಗೆ ಈ ಕಪ್ಪು ಸಿಪ್ಪೆಯ ತುಂಡುಗಳನ್ನಿಟ್ಟು, ತೊಟ್ಟಿಗಳಲ್ಲಿ ನೆನೆಹಾಕಿ, ಮರದ ಪೀಪಾಯಿಗಳಲ್ಲಿ ತುಂಬಿ ಸಿಂಹಳಕ್ಕೆ ಕಳುಹಿಸುತ್ತಿದ್ದರು. ಕೊಲಂಬೊ ಪದ್ಧತಿಯೆಂದೇ ಅದಕ್ಕೆ ಹೆಸರಾಯಿತು. ಬಿಸಿಲಿಗೆ ಒಣಗಿಸಲಾಗದ ಕೊಬ್ಬಿನ ಮೀನು, ಉಪ್ಪು ಮತ್ತು ಹುಳಿಗಳ ಜಂಟಿ ಕಾವಲಿನಲ್ಲಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತಿತ್ತು. ಮಾಂಸದಿಂದ ಒಸರುವ ಕ್ಷಾರಗುಣದ ವಸ್ತುಗಳು ಹುಳಿಯನ್ನು ತಗ್ಗಿಸಲು ಎಷ್ಟು ಯತ್ನಿಸಿದರೂ, ದುರ್ಬಲಾಮ್ಲದ ಕಣಜ ಬರಿದಾಗುವವರೆಗೆ ಪಿಎಚ್ ಮೇಲೇರಗೊಡುವುದಿಲ್ಲ. ಅಷ್ಟೇ ಪಿಎಚ್ಚಿಗೆ ಇಳಿಯುವಷ್ಟು ಲವಣದ್ರಾವಕವನ್ನು ಯಾರಾದರೂ ಹನಿಸಿದ್ದರೆ ಅದು ಅಲ್ಪಕಾಲದಲ್ಲಿಯೇ ತೀರಿ, ಮೀನು ಕೊಳೆಯುತ್ತಿತ್ತು.

ಲವಣದ್ರಾವಕಕ್ಕೂ ಬಂಗಡೆಯ ಉಪ್ಪಿಗೂ ಬಹು ಹತ್ತಿರದ ನಂಟಿದೆಯೆಂಬುದೂ ಇಲ್ಲಿ ಹೇಳತಕ್ಕ ಮಾತೇ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳಲ್ಲಿ ಕಡಲನೀರಿನಿಂದ ಬೆಳೆವ ಉಪ್ಪಿನಂಥದಕ್ಕೇ ಗಂಧಕಾಮ್ಲವನ್ನು ಸುರಿದರೆ ಲವಣದ್ರಾವಕದ ಹೊಗೆ ಏಳುತ್ತದೆ. 1791ರಲ್ಲಿ ಫ್ರಾನ್ಸಿನ ಲೆಬ್ಲಾಂಕ್ ಸೋಡ ತಯಾರಿಸಲು ಇದೇ ಕ್ರಮವನ್ನು ಆಧರಿಸಿದನು. ಆ ಕಾರ್ಖಾನೆಗಳು ಇಂಗ್ಲೆಂಡಿನಲ್ಲಿ ಹಬ್ಬಿದಾಗ ಚಿಮಣಿಗಳಿಂದ ಹೊರಟ ಹೊಗೆ ಸುತ್ತಲಿನ ಗಿಡಮರಗಳನ್ನು ಸುಟ್ಟು, 1863ರಲ್ಲಿ ಅದಕ್ಕಾಗಿಯೇ ಒಂದು ಕಾಯಿದೆ ಮಾಡಬೇಕಾಯಿತು.

ಹುಳಿಯನ್ನು ಕಣ್ಣಿನಿಂದ ಅಳೆಯುವ ಉಪಾಯವೂ ನಮ್ಮವರಿಗೆ ತಿಳಿಯದ್ದಲ್ಲ. ಮದುವೆಯ ಮನೆಯ ಹೊಸ್ತಿಲಲ್ಲಿ ಆರತಿಯ ತಟ್ಟೆಗೆ ಅರಿಸಿನದ ನೀರು ಹೊಯ್ದು ಚಿಟಿಕೆ ಸುಣ್ಣ ಕದಡಿದೊಡನೆ ಅದು ರಕ್ತವರ್ಣವಾಗುವುದನ್ನು ಎಲ್ಲರೂ ಕಂಡಿದ್ದಾರೆ. ಅದಕ್ಕೆ ನಾಲ್ಕು ಹನಿ ನಿಂಬೆಯ ರಸ ಹಿಂಡಿ ಮರಳಿ ಹಳದಿಯಾಗುವುದನ್ನು ಕಂಡವರು ಕಡಿಮೆ. ಮುರುಗಲ ಕೆಂಪು ಇನ್ನೂ ಚತುರವಾದುದು. ಪಾನಕದ ಲೋಟಕ್ಕೆ ಎಲೆಯಡಿಕೆಯ ಡಬ್ಬಿಯ ಸುಣ್ಣವನ್ನು ಕಡ್ಡಿಯ ತುದಿಯಿಂದ ಮುಟ್ಟಿಸುತ್ತ ಹೋದರೆ, ಬಹಳ ಹೊತ್ತು ಬಣ್ಣ ಬದಲಾಗುವುದೇ ಇಲ್ಲ. ತಾಳ್ಮೆಗೆಟ್ಟು ಇನ್ನು ಸಾಕೆನ್ನುವ ಹೊತ್ತಿಗೆ, ಒಂದೇ ಒಂದು ಮುಟ್ಟಿಗೆ, ಕೆಂಪೆಲ್ಲ ಕಂದಿ ಮಸಕಾದ ನೀಲಿಗೆ ತಿರುಗುತ್ತದೆ. ಆ ದೀರ್ಘವಾದ ಬದಲಾಗದಿರುವಿಕೆಯೇ ಕಣಜ. ಆ ಕೊನೆಯ ಮುಟ್ಟು ಕಣಜ ಬರಿದಾದ ಕ್ಷಣ.

ಉಪ್ಪಾಗೆಯ ಹುಳಿ ಯಾವ ಆಮ್ಲವೆಂಬುದು ನಿಶ್ಚಯವಾದುದು ನಮ್ಮ ನಾಡಿನಲ್ಲಿಯೇ ಎಂಬುದು ಅಭಿಮಾನದ ಸಂಗತಿ. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅವರು, ಅದುವರೆಗೆ ಸಿಟ್ರಿಕ್ ಆಮ್ಲವೆಂದೂ ಟಾರ್ಟಾರಿಕ್ ಆಮ್ಲವೆಂದೂ ಎಣಿಸಲಾಗಿದ್ದ ಉಪ್ಪಾಗೆಯ ಹುಳಿಯು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ಪ್ರಕಟಿಸಿದರು. ಒಣಸಿಪ್ಪೆಯ ತೂಕದಲ್ಲಿ ನೂರಕ್ಕೆ 10ರಿಂದ 30ರಷ್ಟು ಈ ಆಮ್ಲವೇ ಇರುತ್ತದೆ. ಈ ಆಮ್ಲ ಶರೀರದಲ್ಲಿ ಕೊಬ್ಬು ಕಟ್ಟುವ ಕ್ರಿಯೆಯನ್ನು ತಡೆಯಬಹುದೆಂಬ ವಿಚಾರ ಪರದೇಶದ ಪ್ರಯೋಗಶಾಲೆಗಳಲ್ಲಿ ಹುಟ್ಟಿ, ಮೈ ಇಳಿಸುವ ಗುಳಿಗೆಗಳ ರೂಪದಲ್ಲಿ ಪೇಟೆಗೆ ಬಂದಾಗ, 1990ರ ದಶಕದಲ್ಲಿ ನಮ್ಮ ಕಾಡಿನ ಉಪ್ಪಾಗೆಗೆ ಎಂದೂ ಕಾಣದ ಬೆಲೆ ಬಂದಿತು. ಹಣ್ಣಾಗಿ ಉದುರುವವರೆಗೆ ಕಾಯುವ ಸಂಯಮ ಆಗ ಉಳಿಯಲಿಲ್ಲ. ಕಾಯಿಯನ್ನೇ ಕೊಯ್ದರು, ಕೈಗೆ ಎಟುಕದ ಕೊಂಬೆಗಳನ್ನು ಕಡಿದರು, ಮಳೆಗಾಲದಲ್ಲಿ ರಾಶಿ ರಾಶಿ ಸಿಪ್ಪೆಯನ್ನು ಒಣಗಿಸುವುದಕ್ಕೆ ಅದೇ ಕಾಡಿನ ಸೌದೆಯನ್ನು ಉರಿಸಿದರು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಹನ್ನೆರಡು ವಾರಗಳ ಪರೀಕ್ಷೆಯೊಂದು, ಈ ಗುಳಿಗೆಯಿಂದ ತೂಕ ಇಳಿಯುವ ವಿಷಯದಲ್ಲಿ ಗಣನೀಯ ಫಲವಿಲ್ಲವೆಂದು ಹೇಳಿತು. ಅಷ್ಟರಲ್ಲಿ ಎಷ್ಟೋ ಮರಗಳು ಕೊಂಬೆ ಕಳೆದುಕೊಂಡು ಬೋಳಾಗಿದ್ದುವು. ಆ ಬೋಳುಮರಗಳನ್ನು ನೋಡಿದಾಗಿನ ಸಂಕಟ ನನಗೆ ಇನ್ನೂ ಆರಿಲ್ಲ.

ಅಮ್ಲ ಮತ್ತು ದ್ರಾವಕಗಳೆರಡೂ ಒಂದೇ ಪಾತ್ರೆಯಲ್ಲಿ ಸಂಧಿಸಿದ್ದನ್ನು ನೋಡಬೇಕಾದರೆ ಕಲಾಯಿಯನ್ನು ನೋಡಬೇಕಾಗಿತ್ತು. ಹುಳಿಯ ಅಡಿಗೆಗೆ ಮಣ್ಣಿನ ಗಡಿಗೆ, ಕಲ್ಲಿನ ಮರಿಗೆ, ಚೀನೀ ಭರಣಿಗಳು ಮೀಸಲಾಗಿದ್ದರೂ, ಸಮಾರಾಧನೆಯ ಸಾರಿಗೆ ತಾಮ್ರ ಹಿತ್ತಾಳೆಗಳ ತಪ್ಪಲೆಯೇ ಆಗಬೇಕು. ಅದರಲ್ಲಿ ಹುಳಿ ಒಂದು ರಾತ್ರಿ ನಿಂತರೆ ಗಾಳಿಯ ಸಹಾಯದಿಂದ ಲೋಹವನ್ನು ಮೆಲ್ಲಮೆಲ್ಲನೆ ತಿಂದು ಹಸಿರು ಕಿಲುಬನ್ನು ಹುಟ್ಟಿಸುತ್ತದೆ, ಉಂಡವರಿಗೆ ವಾಂತಿಯಾಗುತ್ತದೆ. ಆದುದರಿಂದ ಮಳೆ ಹಿಂದೆಗೆದ ಮೇಲೆ ಕಲಾಯಿ ಹಾಕುವ ಸಾಹೇಬರು ತಿದಿ ಹೊತ್ತು ಬರುತ್ತಿದ್ದರು. ಅಂಗಳದಲ್ಲಿ ಕುಳಿ ತೋಡಿ, ಇದ್ದಿಲು ಹೊತ್ತಿಸಿ, ಮರಳಿನಿಂದ ಉಜ್ಜಿದ ತಪ್ಪಲೆಯನ್ನು ಕೆಂಡದ ಮೇಲೆ ತಿರುಗಿಸುತ್ತ, “ಮಕ್ಕಳೇ, ಹಿಂದೆ ಸರಿಯಿರಿ” ಎಂದು ಹೇಳಿ ನವಸಾಗರದ ಪುಡಿಯನ್ನು ಎರಚಿದೊಡನೆ ಕಣ್ಣು ಮೂಗು ಉರಿಯುವ ಬಿಳಿಯ ಹೊಗೆ ಭುಗ್ಗನೆ ಏಳುತ್ತಿತ್ತು. ಕಾವಿಗೆ ನವಸಾಗರ ಒಡೆದಾಗ ಹೊರಡುವುದು ಲವಣದ್ರಾವಕವೇ. ಅದು ಲೋಹದ ಮೇಲಿನ ಕಂದನ್ನು ಕ್ಷಣಾರ್ಧದಲ್ಲಿ ಕಿತ್ತುಹಾಕುತ್ತದೆ. ಆ ಕ್ಷಣಾರ್ಧದೊಳಗೇ ಸಾಹೇಬರು ತವರದ ಕಡ್ಡಿಯನ್ನು ಮುಟ್ಟಿಸಿ, ಅರಳೆಯ ಉಂಡೆಯಿಂದ ಸುತ್ತ ಒರಸಿಬಿಡಬೇಕು. ಹಾಗೆ ಒರಸಿದಲ್ಲೆಲ್ಲ ಬೆಳ್ಳಿಯ ಬೆಳಕು ಹರಿಯುತ್ತ ಬಂದು ತಪ್ಪಲೆಯ ಒಳಗೆಲ್ಲ ತುಂಬುತ್ತಿತ್ತು. ಆಮೇಲೆ ಅದನ್ನು ನೀರಿಗೆ ಅದ್ದಿದ ಚುಂಯ್ ಎಂಬ ಸದ್ದು.

ಸ್ಟೀಲಿನ ಪಾತ್ರೆಗಳು ಬಂದ ಮೇಲೆ ಆ ತಿದಿಯ ಸದ್ದು ನಮ್ಮ ಕೇರಿಯಲ್ಲಿ ಕೇಳಿಸಿಲ್ಲ. ಆದರೆ ಅಜ್ಜಿಯ ದೊಡ್ಡ ತಪ್ಪಲೆ ಇನ್ನೂ ಅಟ್ಟದ ಮೇಲಿದೆ. ಮೊನ್ನೆ ಅದನ್ನು ಇಳಿಸಿ ಬೆಳಕಿಗೆ ಹಿಡಿದು ನೋಡಿದೆ. ಕಂಠದ ಹತ್ತಿರ ಕಲಾಯಿ ಹಾಗೆಯೇ ಹೊಳೆಯುತ್ತಿದೆ. ತಳದಿಂದ ಒಂದು ಗೇಣು ಎತ್ತರದವರೆಗೆ, ಅಪ್ಪೆಹುಳಿ ಎಷ್ಟೋ ಸಲ ನಿಂತು ನಿಂತು ಹೋದ ಮಟ್ಟದವರೆಗೆ, ಅದು ಸವೆದು ತಾಮ್ರದ ಕೆಂಪು ಕಾಣುತ್ತಿದೆ.